ಮಾವನವರ ಕಾರಿಗೆ ಹೊಸ ಎಂಜಿನ್

ಎಂಜಿನ್ನಿನ ಸದ್ದು ಕೇಳಿಯೇ ಅದರ ರೋಗ ಹೇಳಬಲ್ಲೆನೆಂದು ನಾನು ನಂಬಿದ್ದೆ. ಜಮಖಂಡಿಯ ಕಾಲೇಜಿನಲ್ಲಿ ನಾನು ಕಲಿಸುವುದು ಇತಿಹಾಸ. ಆದರೂ ನಂಬಿದ್ದೆ!

ರಬಕವಿಯ ಮಾವನವರು ತಮ್ಮ ಹರೆಯದ ಕಾಲದ ಪೆಟ್ರೋಲ್ ಕಾರನ್ನು ನಮಗೆ ಕೊಟ್ಟಿದ್ದರು. ನನ್ನ ಕೈಯಲ್ಲಿ ಅದು ಓಡಿದ್ದಕ್ಕಿಂತ ನಿಂತದ್ದೇ ಹೆಚ್ಚು. ಹಳೇ ಎಂಜಿನ್ ಕಿತ್ತು ಜೀಪಿನ ಡೀಸೆಲ್ ಎಂಜಿನ್ ಕೂಡಿಸಲು ಮುಧೋಳದ ಮೆಕ್ಯಾನಿಕ್ ಒಪ್ಪಿದ್ದ. ಹೆಂಡತಿ ಸುನಂದಾ ಒಪ್ಪಲಿಲ್ಲ.

“ಅಪ್ಪನ್ನ ಒಂದ್ ಮಾತ್ ಕೇಳ್ರಿ. ಅವರು ಹೂಂ ಅಂದ್ರ ನಂದೇನೂ ತಕರಾರಿಲ್ಲ.”

ರಜೆಯ ದಿನ ರಬಕವಿಗೆ ಹೋದೆವು. ಮಾವನವರ ಮನೆಯ ಮುಂದೆ, ಎಂಜಿನ್ ಆರಿಸದೆ, ಅವಸರದಿಂದ ಇಳಿದೆ. ಕಾರು ಒಮ್ಮೆ ಮುಗ್ಗರಿಸಿತು. ವಯಸ್ಸಾದದ್ದು, ಪಾಪ! ಮಾವನವರನ್ನು ಹೊರಗೆ ಕರೆತಂದು, ಬಾನೆಟ್ ಮೇಲೆ ಕಿವಿಯಿಟ್ಟು ಕಣ್ಣು ಮುಚ್ಚಿದೆ.

“ಕೇಳ್ರಿ ಮಾವಾರ. ಕಟಕಟ, ಕಟಕಟ! ಒಳಗ ಪೂರ್ತಿ ಸವದೈತಿ. ಇನ್ನ ಇದು ಉಳಿಯೂದಿಲ್ರಿ.”

ಅವರೂ ಕಿವಿಗೊಟ್ಟರು. “ಖರೇನರಿ. ಯಾಕೋ ಭಾಳ ಪರಿಚಯದ ಸದ್ದು ಅನಸ್ತೈತಿ.”

“ಹಳೇ ರೋಗ ಅಲ್ಲೇನ್ರಿ ಮತ್ತ!” ಎಂದೆ.

ಮಾವನವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. “ಸುನಂದಾ ಹುಟ್ಟೂ ಮುಂದ ಇಕಿ ಅವ್ವನ್ನ ಇದರಾಗ ದವಾಖಾನಿಗೆ ಒಯ್ದಿದ್ದೆ. ದಾರ್ಯಾಗ ಒಂದ್ ಸಲನೂ ನಿಂದರಲಿಲ್ಲ. ಇರ್ಲಿ, ಅದಕ್ಕ ಇಷ್ಟ್ ತ್ರಾಸ ಆಗಾಕತ್ತಿದ್ರ... ತೆಗಸ್ರಿ.”

ಸುನಂದಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ನಾನು ಶೋಕಸಭೆಯ ಅಧ್ಯಕ್ಷನಂತೆ ತಲೆ ಬಾಗಿಸಿ ನಿಂತೆ.

ಅಷ್ಟರಲ್ಲಿ ಕರೆಂಟು ಹೋಯಿತು.

ಓಣಿಯ ಪವರ್‌ಲೂಮ್ ಮಗ್ಗಗಳೆಲ್ಲ ಒಮ್ಮೆಲೇ ನಿಂತವು. ಕಟಕಟವೂ ನಿಂತಿತು! ಕಾರು ಯಾವಾಗಲೋ ಬಂದ್ ಬಿದ್ದಿತ್ತು.

ಪಕ್ಕದ ಮನೆಯ ನೇಕಾರ ಈರಪ್ಪ ಹೊರಬಂದು ಗಾಬರಿಯಾದ. “ಯಾಕ್ರಿ, ಎಲ್ಲಾರೂ ಅಳಾಕತ್ತೀರಿ?”

ಸುನಂದಾಳಿಗೆ ನಗು ತಡೆಯಲಾಗಲಿಲ್ಲ. “ನಿಮ್ಮ ಮಗ್ಗ ಇನ್ನ ಉಳಿಯೂದಿಲ್ಲಂತ್ರಿ ಕಾಕಾ. ನಮ್ಮ ಮನಿಯವರು ಕಿವಿ ಇಟ್ಟ ನೋಡ್ಯಾರ!”

ಮಾವನವರು ಕಾರಿನಲ್ಲಿ ಕೂತರು. ಗೇರ್ ಅಲ್ಲಾಡಿಸಿ ನೋಡಿ, ಕೀಲಿ ತಿರುಗಿಸಿದರು. ಒಂದೇ ಏಟಿಗೆ ಶುರುವಾಯಿತು. ಎಷ್ಟು ಮೆತ್ತಗಿನ ಸದ್ದು!

“ಎಂಜಿನ್ ಛಲೋ ಐತವಾ,” ಎಂದು ಮಗಳಿಗೆ ಹೇಳಿದರು. “ಗೇರ್ ತೆಗೀಲಾರದ ಕ್ಲಚ್ ಮ್ಯಾಲಿಂದ ಕಾಲ ಎತ್ತಿದ್ರ ಯಾವ ಗಾಡಿ ಬಂದ್ ಬೀಳೂದಿಲ್ಲ? ಇವತ್ತಿನಿಂದ ನೀನ ಹೊಡಿ.”

ಹೀಗೆ ಬದಲಾದದ್ದು ಎಂಜಿನ್ ಅಲ್ಲ, ಡ್ರೈವರ್! ಆ ಮೇಲೆ ಕಾರು ದಾರಿಯಲ್ಲಿ ನಿಂತದ್ದೇ ಇಲ್ಲ. ಹಿಂದಿನ ಸೀಟಿನಲ್ಲಿ ಅತ್ತೆಯವರು ಕೊಟ್ಟ ಉಪ್ಪಿನಕಾಯಿ ಭರಣಿ ಹಿಡಿದು ಕೂಡುವ ಹೊಣೆ ನನ್ನದು. ಅದನ್ನೂ ಎರಡು ಕೈಯಿಂದ ಹಿಡಿಯಬೇಕೆಂದು ಅಪ್ಪಣೆಯಾಗಿದೆ.