ಎರಡು ಹೂವು, ಮೂರು ದಾರಿ

ಆರಿಸುವ ಕೆಲಸ ನನಗೆ ಹುಟ್ಟಿನಿಂದಲೂ ಆಗಿಬಂದಿಲ್ಲ. ಗಂಡನನ್ನು ಅಪ್ಪ ಆರಿಸಿದ. ಮೂವರು ಹೆಣ್ಣುಮಕ್ಕಳ ಹೆಸರನ್ನು ನಾದಿನಿ ಆರಿಸಿದಳು. ಸೀರೆ ಅಂಗಡಿಯಲ್ಲಿ ಇಪ್ಪತ್ತು ಸೀರೆ ಹರವಿಸಿ, ಕಡೆಗೆ ಅಂಗಡಿಯವನಿಗೇ "ನೀವ ಒಂದು ಕೊಡ್ರಿ" ಎಂದವಳು ನಾನು. ಇದರಲ್ಲೊಂದು ಸುಖ ಉಂಟು. ಸೀರೆಯ ಬಣ್ಣ ಹೋದರೆ ಅಂಗಡಿಯವನನ್ನು ಬೈಯಬಹುದು. ಗಂಡನ ವಿಷಯದಲ್ಲಿ ಅಪ್ಪನನ್ನು ಎಷ್ಟು ಸಲ ಬೈದಿದ್ದೇನೋ ಲೆಕ್ಕವಿಲ್ಲ. ಹೀಗೆ ನಲವತ್ತು ವರ್ಷ ಆರಾಮಾಗಿದ್ದವಳನ್ನು ವಿಜಾಪುರದ ಡಾಕ್ಟರಮ್ಮ ಒಬ್ಬಳು ಇಕ್ಕಟ್ಟಿಗೆ ಸಿಕ್ಕಿಸಿಬಿಟ್ಟಳು.

ಇದು ಅರವತ್ತರ ದಶಕದ ಮಾತು. ನಾವು ಬಬಲೇಶ್ವರದಲ್ಲಿದ್ದೆವು; ನಮ್ಮ ಯಜಮಾನರದು ಜೋಳದ ವ್ಯಾಪಾರ. ನನಗೆ ಮುಟ್ಟು ಬಂತೆಂದರೆ ಹದಿನೈದು ದಿನವಾದರೂ ನಿಲ್ಲುತ್ತಿರಲಿಲ್ಲ. ಆಗಿನ ಪದ್ಧತಿಯಂತೆ ಹೊರಗಾದವಳು ಅಡುಗೆಮನೆಯ ಹೊಸ್ತಿಲು ದಾಟುವಂತಿಲ್ಲ. ಮೂರು ದಿನದ ರಜೆ ಎಲ್ಲ ಹೆಂಗಸರಿಗೂ ಇತ್ತು, ಆದರೆ ತಿಂಗಳಿಗೆ ಹದಿನೈದು ದಿನದ ರಜೆ ಸರಕಾರಿ ನೌಕರಿಯಲ್ಲೂ ಇರಲಿಲ್ಲ. ನಾನು ಪಡಸಾಲೆಯ ಮೂಲೆಯಲ್ಲಿ ಚಾಪೆಯ ಮೇಲೆ, ಅರವತ್ತೈದರ ಅತ್ತೆ ಒಲೆಯ ಮುಂದೆ. "ನಾ ಮನಿಗಿ ಸೊಸಿ ತಂದೇನೋ, ಅತ್ತಿ ತಂದೇನೋ ತಿಳೀವಲ್ದು" ಎಂದು ಆಕೆ ರೊಟ್ಟಿ ಬಡಿಯುತ್ತ ರೊಟ್ಟಿಗೇ ಹೇಳುತ್ತಿದ್ದಳು. ನಾನು ತಲೆಗೆ ನೀರು ಎರಕೊಂಡು ಒಳಗೆ ಬಂದ ಮೇಲಾದರೂ ಕೆಲಸಕ್ಕೆ ಆದೆನೇ ಎಂದರೆ, ಕೊಡ ಎತ್ತಿದರೆ ಕಣ್ಣಿಗೆ ಕತ್ತಲೆ. ಒಂದು ದಿನ ಬಾವಿಕಟ್ಟೆಯ ಮೇಲೆ ಕೊಡದ ಸಮೇತ ಬಿದ್ದೆ. ಆಗ ಯಜಮಾನರು ಹೆದರಿ ವಿಜಾಪುರದ ಬಸ್ಸು ಹತ್ತಿಸಿದರು.

ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, ಕಣ್ಣಿನ ರೆಪ್ಪೆ ಎಳೆದು ನೋಡಿ, ಕೈ ತೊಳೆದುಕೊಂಡು ಬಂದು ಕೂತಳು. "ಗರ್ಭಚೀಲದಾಗ ಗಡ್ಡಿ ಬೆಳದಾವವ್ವಾ. ಕೆಟ್ಟ ಗಡ್ಡಿ ಅಲ್ಲ, ಹೆದರಬ್ಯಾಡ. ಮೂರು ದಾರಿ ಅದಾವ. ಬರೇ ಗಡ್ಡಿ ತಗಿಬಹುದು, ಮುಂದ ಮತ್ತ ಬೆಳದರೂ ಬೆಳದಾವು. ಇಲ್ಲಾ ಚೀಲಾನ ತಗಿಬಹುದು, ಆಮ್ಯಾಲ ಮಕ್ಕಳಾಗೂದಿಲ್ಲ. ಇಲ್ಲಾ ಮುಟ್ಟು ತಾನ ನಿಲ್ಲೂತನಕ ರಕ್ತದ ಗುಳಿಗಿ ತಿಂದು ಕಾಯಬಹುದು. ಆದರ ನಿನ್ನ ಮೈಯಾಗ ರಕ್ತನ ಉಳದಿಲ್ಲ. ಯಾವುದು ಮಾಡೂಣು, ನೀ ಹೇಳು."

ನಾನು ಯಜಮಾನರ ಮುಖ ನೋಡಿದೆ. ಅವರು ಮೂಲೆಯಲ್ಲಿದ್ದ ತೂಕದ ಯಂತ್ರವನ್ನು ನೋಡುತ್ತಿದ್ದರು. ಕಡೆಗೆ, "ಅವ್ವನ್ನ ಕೇಳಿ ಹೇಳತೇವ್ರಿ" ಎಂದರು.

"ಗಡ್ಡಿ ಅವ್ವನ ಹೊಟ್ಟ್ಯಾಗ ಅದಾವೇನ್ರಿ?" ಎಂದಳು ಡಾಕ್ಟರಮ್ಮ.

ಇಲ್ಲವೆಂದು ಇಬ್ಬರೂ ಒಪ್ಪಿಕೊಂಡು, ಅವ್ವನನ್ನು ಕೇಳಲು ಬಸ್ಸು ಹತ್ತಿದೆವು.

ಅತ್ತೆ ಎಲ್ಲ ಕೇಳಿ, "ಮೂರು ಹೆಣ್ಣಿನ ಮ್ಯಾಲ ಒಂದು ಗಂಡು ನೋಡೇ ಕಣ್ಣು ಮುಚ್ಚಬೇಕಂತ ಕುಂತೇನಿ" ಎಂದು ನಿಟ್ಟುಸಿರಿಟ್ಟಳು. ಆಮೇಲೆ, ಇಂಥದ್ದಕ್ಕೆ ದೇವರನ್ನೇ ಕೇಳಬೇಕು ಎಂದಳು. ನಮ್ಮಲ್ಲಿ ದೇವರ ಮೂರ್ತಿಗೆ ಎಡಕ್ಕೊಂದು ಬಲಕ್ಕೊಂದು ಒದ್ದೆ ಹೂ ಅಂಟಿಸಿ ಕೇಳುವ ಪದ್ಧತಿ. ಬಲದ್ದು ಮೊದಲು ಬಿದ್ದರೆ ಹೌದು, ಎಡದ್ದು ಬಿದ್ದರೆ ಬೇಡ. ತೊಡಕೆಂದರೆ ಡಾಕ್ಟರಮ್ಮ ಹೇಳಿದ್ದು ಮೂರು ದಾರಿ, ದೇವರಿಗಿರುವುದು ಎರಡೇ ಮಗ್ಗಲು. ಅತ್ತೆ ಒಂದು ಗಳಿಗೆ ಯೋಚಿಸಿ, "ಗಡ್ಡಿ ತಗಸೂದು, ಗುಳಿಗಿ ತಿನ್ನೂದು, ಎರಡೂ ಒಂದ. ಚೀಲ ಉಳೀತೈತಿ" ಎಂದು ತೀರ್ಪು ಕೊಟ್ಟಳು. ಬಲದ ಹೂ ಬಿದ್ದರೆ ಚೀಲ ತೆಗೆಸುವುದು, ಎಡದ್ದು ಬಿದ್ದರೆ ಇಟ್ಟುಕೊಳ್ಳುವುದು.

ನನಗೆ ಏನು ಬೇಕೆಂಬುದು ನನಗೆ ಗೊತ್ತಿತ್ತು. ಆ ಚೀಲ ಸಾಕಾಗಿಹೋಗಿತ್ತು. ಹೆಣ್ಣುಮಕ್ಕಳನ್ನು ಬಿಟ್ಟು ಸತ್ತೇ ಹೋಗುತ್ತೇನೆ ಎಂಬ ಹೆದರಿಕೆ ಬಾವಿಕಟ್ಟೆಯ ದಿನದಿಂದ ಎದೆಯಲ್ಲಿ ಕೂತಿತ್ತು. ಆದರೆ ಅತ್ತೆಯ ಮುಂದೆ ನಾಲಗೆ ಏಳಲಿಲ್ಲ. ಹೂ ತರುವ ಕೆಲಸ ನನ್ನದಾದ್ದರಿಂದ ಬೇರೆ ಉಪಾಯ ಹೂಡಿದೆ. ಬಲಕ್ಕೆಂದು ದೊಡ್ಡ ಸೇವಂತಿಗೆ ತಂದೆ. ಭಾರಕ್ಕೆ ಬಿದ್ದೇ ಬೀಳಬೇಕು. ಎಡಕ್ಕೊಂದು ಹಗುರ ಮಲ್ಲಿಗೆ ಮೊಗ್ಗು.

ಜೋಳ ತೂಗುವವನ ಹೆಂಡತಿಯಾಗಿ ಲೆಕ್ಕ ಸರಿಯಾಗಿಯೇ ಹಾಕಿದ್ದೆ. ಆದರೆ ಸೇವಂತಿಗೆ ಎಸಳೆಸಳಿಗೂ ನೀರು ಕುಡಿದು ಮೂರ್ತಿಯ ಭುಜಕ್ಕೆ ಅಪ್ಪಿಕೊಂಡು ಕೂತಿತು. ಅತ್ತೆ ಕೈಮುಗಿದು ಕಣ್ಣು ಮುಚ್ಚಿ ತೆರೆಯುವುದರೊಳಗೆ ಮಲ್ಲಿಗೆ ಮೊಗ್ಗು ಟಪ್ಪೆಂದು ಉರುಳಿತು.

"ಬ್ಯಾಡ ಅಂದಾನ ದೇವರು" ಎಂದಳು ಅತ್ತೆ.

"ನಾ ಒಲ್ಲೆರಿ ಅತ್ತಿ!" ಎಂದು ಕೂಗಿಬಿಟ್ಟೆ. "ತಗಸೇ ತಗಸ್ತೀನಿ. ಇನ್ನ ನನ್ನ ಕೈಲೆ ಆಗೂದಿಲ್ಲ. ನನಗ ಬದುಕಬೇಕಾಗೇತಿ." ಅತ್ತೆ ಬಿದ್ದ ಮೊಗ್ಗನ್ನು ನೋಡಿದಳು, ಬೀಳದ ಸೇವಂತಿಗೆಯನ್ನು ನೋಡಿದಳು, ಅಳುತ್ತಿದ್ದ ನನ್ನನ್ನು ನೋಡಿದಳು. ಪಡಸಾಲೆಯಲ್ಲಿ ಯಜಮಾನರು ಸುಮ್ಮನೆ ಕೆಮ್ಮಿದರು.

"ಅದನ್ನ ಮೊದಲ ಬಾಯಿ ಬಿಟ್ಟು ಹೇಳಬಾರದೇನ ನನ್ನವ್ವಾ? ದೇವರಿಗ್ಯಾಕ ಸುಮ್ಮನ ತ್ರಾಸ ಕೊಟ್ಟಿ?" ಎಂದಳು ಅತ್ತೆ.

"ನೀವು ಮೊಮ್ಮಗ ಬೇಕಂತಿದ್ರೆಲ್ರಿ..."

"ನಾ ನೂರು ಬೇಕಂತೀನಿ. ಹೊಟ್ಟಿ ಯಾರದು, ನಂದೇನು?"

ಆಪರೇಷನ್ ಆಯಿತು. ಅತ್ತೆ ದವಾಖಾನೆಯಲ್ಲಿ ನನ್ನ ಮಂಚದ ಕೆಳಗೇ ಮಲಗಿ, ಪಕ್ಕದ ಮಂಚದವರಿಗೆಲ್ಲ ದೇವರ ಅಪ್ಪಣೆ ಆದ ಕಥೆ ಹೇಳಿದಳು. ಯಾವ ಹೂ ಬಿತ್ತೆಂಬುದನ್ನು ಮಾತ್ರ ಹೇಳಲಿಲ್ಲ. ನಾನು ಬದುಕಿದೆ. ಹತ್ತೊಂಬತ್ತು ವರ್ಷ ನನ್ನ ಜೊತೆ ಒಂದೇ ಒಲೆಯ ಮುಂದೆ ಕೂತ ಹೆಂಗಸು ಆಕೆ. ಆಕೆಗೆ ಒಂದು ಮಾತು ಹೇಳುವುದಕ್ಕಿಂತ ದೇವರಿಗೆ ಮೋಸ ಮಾಡುವುದೇ ಸುಲಭ ಎನ್ನಿಸಿತ್ತು ನನಗೆ. ಹೋಗಲಿ, ಅದನ್ನಾದರೂ ನೆಟ್ಟಗೆ ಮಾಡಿದೆನೇ ಎಂದರೆ, ಅದೂ ಇಲ್ಲ.