ಕುಂಕುಮ ಹಚ್ಚಿದ ದುಂಡಕ್ಷರ

ಅಕ್ಷರದ ಸಹವಾಸ ಮಾಡಿದವರಿಗೆ ನಗೆಪಾಟಲು ತಪ್ಪಿದ್ದಲ್ಲ. ಕಡಲಾಚೆಯ ಟೊರೆನ್ಸ್ ಊರಿನ ಆಫೀಸಿನಲ್ಲಿ ವಿಮಾನದ ಸ್ವಿಚ್ಚುಗಳ ಪಕ್ಕ ಅಂಟಿಸುವ ಲೇಬಲ್ ಮಾಡುವುದು ನನ್ನ ಕೆಲಸ. ನನಗೆ ಒಲಿದದ್ದು ಒಂದೇ ಫಾಂಟು. ಕೊಕ್ಕೆಯಿಲ್ಲ, ಬಾಲವಿಲ್ಲ, ಗೆರೆಯೆಲ್ಲ ಒಂದೇ ದಪ್ಪ, ಇಂಗ್ಲಿಷಿನ 'ಓ' ಕೈವಾರದಲ್ಲಿ ಎಳೆದಷ್ಟು ದುಂಡಗೆ. ಕನ್ನಡಕ ಮರೆತರೂ ಓದಬಹುದು.

ನವಿಲು

ಪಕ್ಕದೂರು ಸೆರಿಟೋಸಿನ ಆಂಟಿ ಮೂಲತಃ ಧಾರವಾಡದವರು. ಲಾಕ್‌ಡೌನಿನಲ್ಲಿ ನನಗೆ ಜ್ವರ ಬಂದಾಗ ದಿನಾ ಬಾಗಿಲಲ್ಲಿ ರೊಟ್ಟಿ ಇಟ್ಟು ಹೋದವರು. ಆ ಉಪಕಾರ ನಾನು ಮರೆಯುವವಳಲ್ಲ. ಅವರ ಚಟ್ನಿಪುಡಿಗೆ ಭಾನುವಾರದ ಮಾರ್ಕೆಟ್ಟಿನಲ್ಲಿ ಕೊನೆಗೂ ಒಂದು ಜಾಗ ಸಿಕ್ಕಿತು. ನಾನು ಮಾಡಿಕೊಟ್ಟ ಲೇಬಲ್ ನೋಡಿ, "ಏನವಾ, ಇಷ್ಟು ಬೋಳ ಬೋಳ? ನಾಕು ಬಳ್ಳಿ, ಎರಡು ನವಿಲು ಹಾಕು" ಅಂದರು. ಹಾಕಿದೆ.

ಇಡೀ ದಿನ ಬಂದದ್ದು ಒಬ್ಬಾಕೆ. ಡಬ್ಬಿ ತಿರುಗಿಸಿ ಮುರುಗಿಸಿ ನೋಡಿ ಕೇಳಿದಳು: "ಇದನ್ನು ಸ್ನಾನಕ್ಕೆ ಮುಂಚೆ ಹಚ್ಚಬೇಕಾ, ಆಮೇಲಾ?"

ಔಷಧ

"ಮುಂದಿನ ವಾರವೂ ಹೀಗೇ ಆದರೆ ಜಾಗ ಬೇರೆಯವರಿಗೆ" ಅಂದುಬಿಟ್ಟರು ಮಾರ್ಕೆಟ್ ಮ್ಯಾನೇಜರ್. ಎರಡು ವರ್ಷ ಕಾದು ಪಡೆದ ಜಾಗ ಅದು.

ನವಿಲನ್ನು ಓಡಿಸಿ ನನ್ನ ಫಾಂಟನ್ನೇ ತಂದೆ. ಬಿಳಿ ಲೇಬಲ್, ಕಪ್ಪಕ್ಷರ, ಅಷ್ಟೇ. ಎಷ್ಟು ಶುಚಿಯೆಂದರೆ, ಆಂಟಿಯ ಗಂಡ, ಅಂಕಲ್, ಅದನ್ನು ಡಾಕ್ಟರು ಕೊಟ್ಟ ಪುಡಿಯೆಂದುಕೊಂಡು ಮೂರು ದಿನ ಊಟವಾದ ಮೇಲೆ ಬಿಸಿನೀರಿನಲ್ಲಿ ಕದಡಿ ಕುಡಿದರು.

ಗೊತ್ತಾದ ಮೇಲೂ ಬಿಡಲಿಲ್ಲ. "ಮೊಣಕಾಲು ನೋವು ಕಡಿಮಿ ಆಗೇದ" ಅಂದರು.

ಖಾರ

ಮುಂದಿನ ಭಾನುವಾರ ಅಂಗಡಿ ತೆರೆಯುವ ಮುಂಚೆ ಆಂಟಿ ಪೂಜೆ ಮಾಡಿದರು. ಹೊಸದಕ್ಕೆಲ್ಲ ಕುಂಕುಮ ಹಚ್ಚಲೇಬೇಕಲ್ಲ! ಮುಂದಿನ ಸಾಲಿನ ಕೊಬ್ಬರಿ ಪುಡಿಯ ಡಬ್ಬಿಗಳಿಗೆ, ಇಂಗ್ಲಿಷಿನಲ್ಲಿ ಬರೆದ ಹೆಸರಿನ 'ಓ' ಅಕ್ಷರದ ನಟ್ಟನಡುವೆ ಒಂದೊಂದು ಬೊಟ್ಟು. ಹಿಂದಿನ ಸಾಲಿನಲ್ಲಿದ್ದ ಅಗಸಿ ಪುಡಿಗೆ ಕೈ ಎಟುಕಲಿಲ್ಲ. ಆಂಟಿಯ ಅಗಸಿ ಪುಡಿ ಅಂದರೆ ಬ್ಯಾಡಗಿ ಮೆಣಸಿನಕಾಯಿಗೆ ಗುಂಟೂರನ್ನೂ ಸೇರಿಸಿದ ಬೆಂಕಿ.

ಜನ ದೂರದಿಂದಲೇ ಹೆಸರು ಓದಿಕೊಂಡು ಬಂದರು. ಅಷ್ಟು ಚೊಕ್ಕ ಲೇಬಲ್ಲಿನ ಮೇಲೆ ಕೆಂಪು ಬೊಟ್ಟು ಇದ್ದರೆ ಅದಕ್ಕೊಂದು ಅರ್ಥ ಇರಲೇಬೇಕಲ್ಲ? ಖಾರದ ಗುರುತು ಅಂತ ತಾವೇ ತೀರ್ಮಾನಿಸಿಬಿಟ್ಟರು. ಮ್ಯಾನೇಜರ್ ಕೂಡ. "ನನಗೆ ಖಾರ ಆಗಲ್ಲ" ಎನ್ನುತ್ತಾ ಬೊಟ್ಟಿಲ್ಲದ ಡಬ್ಬಿಯಿಂದ ಒಂದು ಚಮಚ ಅಗಸಿ ಪುಡಿ ಬಾಯಿಗೆ ಹಾಕಿಕೊಂಡರು.

ಮುಖ ಕೆಂಪಾಯಿತು. ಕಣ್ಣಲ್ಲಿ ಮೂಗಲ್ಲಿ ನೀರು. ಜಾಗ ಹೋಯಿತು ಅಂತ ನಾನು ಆಂಟಿಯ ಕೈ ಗಟ್ಟಿಯಾಗಿ ಹಿಡಿದುಕೊಂಡೆ.

ಎರಡು ಬಾಟಲಿ ನೀರು ಕುಡಿದು ಮ್ಯಾನೇಜರ್ ಉಸಿರೆಳೆದುಕೊಂಡರು. "ಒಂದು ತಿಂಗಳಿಂದ ಕಟ್ಟಿದ್ದ ಮೂಗು ಬಿಟ್ಟಿತು! ಜಾಗ ನಿಮ್ಮದೇ. ಆದರೆ ಆ ಕೆಂಪು ಬೊಟ್ಟು ಈಗಲೇ ಹಚ್ಚಿ!"

ನನಗೆ ಅಳು ಬಂತು, ಖುಷಿಗೆ. ಆಂಟಿಗಂತೂ ಹಿಗ್ಗೋ ಹಿಗ್ಗು. "ತಾನಾಗೇ ಕುಂಕುಮ ಕೇಳಾಕತ್ತಾನ ನೋಡವಾ, ಎಷ್ಟು ಭಕ್ತಿ!" ಎಂದವರೇ ಬಟ್ಟಲು ತೆಗೆದು ಮ್ಯಾನೇಜರ್ ಹಣೆಗೇ ಹಚ್ಚಿಬಿಟ್ಟರು.

ಸಂಜೆಯವರೆಗೂ ಜನ ಮ್ಯಾನೇಜರ್ ಎದುರಾದರೆ ಎರಡು ಹೆಜ್ಜೆ ದೂರ ಸರಿದೇ ಮಾತಾಡಿಸಿದರು.