ಕುಣಿಯೋನು, ಗುದ್ದೋನು ಮತ್ತು ನಮ್ಮ ಮಾಮಾ

ನಮ್ಮ ಸೋದರಮಾವ ತಮ್ಮ ಎಪ್ಪತ್ತೆರಡು ವರ್ಷದ ಬಾಳಿನಲ್ಲಿ ಹೊಡೆದದ್ದು ಒಬ್ಬನನ್ನು, ಅದೂ ಮೆಲ್ಲಗೆ. ತಲೆ ಕೊರೆದದ್ದು ಮಾತ್ರ ಇಡೀ ಆದೋನಿಯದನ್ನು!

ಕೊರೆಯಲು ವಿಷಯ ಒಂದೇ. ಬೇರೆ ಬೇರೆ ಕಾಲದಲ್ಲಿ ಜಗತ್ತನ್ನು ಗೆದ್ದ ಇಬ್ಬರು ಬಾಕ್ಸರುಗಳು ಒಂದೇ ಕಾಲದಲ್ಲಿ, ತುಂಬು ಹರೆಯದಲ್ಲಿ ಎದುರುಬದುರು ನಿಂತಿದ್ದರೆ ಯಾರು ಗೆಲ್ಲುತ್ತಿದ್ದರು? ಅವರ ನಿಜವಾದ ಹೆಸರು ನಮ್ಮ ಮನೆಯಲ್ಲಿ ಯಾರೂ ಹೇಳುವುದಿಲ್ಲ. ಮಾಮಾ ಇಟ್ಟ ಹೆಸರೇ ನಮಗೆ ರೂಢಿ. ಒಬ್ಬ ಕುಣಿಯೋನು, ಇನ್ನೊಬ್ಬ ಗುದ್ದೋನು. ಕುಣಿಯೋನು ಹಿಂದೆ ಸರಿದು, ಪಕ್ಕಕ್ಕೆ ಜಾರಿ, ಎದುರಿನವನನ್ನು ಸುಸ್ತು ಮಾಡಿ ಆಮೇಲೆ ಒಂದು ಬಿಗಿಯುವವ. ಗುದ್ದೋನಿಗೆ ಈ ಉಪಚಾರವೆಲ್ಲ ಇಲ್ಲ. ನೇರ ನುಗ್ಗುವುದು, ಮಲಗಿಸುವುದು, ಮನೆಗೆ ಹೋಗುವುದು. ಮಾಮಾ ಎಂದೆಂದಿಗೂ ಕುಣಿಯೋನ ಕಡೆ. ಯಾಕೆ ಎಂದು ನನಗೆ ಬಹಳ ವರ್ಷ ತಿಳಿಯಲಿಲ್ಲ. ತಿಳಿದ ಮೇಲೆ, ತಿಳಿಯದಿದ್ದರೇ ಚೆನ್ನಾಗಿತ್ತು ಅನ್ನಿಸಿದೆ.

ಮಾಮಾ ಆಲೂರಿನ ಒಂದು ಕಚೇರಿಯಲ್ಲಿ ಗುಮಾಸ್ತರಾಗಿದ್ದರು. ಒಮ್ಮೆ ಹಾಲಹರವಿ ಕಡೆಯ ಕುರಿ ಸಾಕುವ ಮನುಷ್ಯನೊಬ್ಬ ಜಾತಿ ಸರ್ಟಿಫಿಕೇಟಿಗೆ ಬಂದ. ಮಾಮಾ ಅವನ ಅರ್ಜಿಯ ಮೇಲೆ ಕೈಯಿಟ್ಟು ಪೂರ್ತಿ ಅರ್ಧ ಗಂಟೆ ಇಬ್ಬರು ವೀರರ ಗುಣಗಾನ ಮಾಡಿ, "ಈಗ ನೀನೇ ಹೇಳಪ್ಪಾ, ಯಾರು ಗೆಲ್ತಾರ?" ಎಂದು ಕೇಳಿದರು. ಆತ ಕಂಬಳಿ ಹೆಗಲು ಬದಲಿಸಿ, "ಅವರಿಬ್ಬರದೂ ಯಾವೂರ್ರೀ ಸಾರು?" ಅಂದ.

"ಅಮೆರಿಕಾ."

"ಅಷ್ಟು ದೂರದಿಂದ ಬಂದಾರಂದ್ರ ಮೊದಲ ಅವರ ಸರ್ಟಿಫಿಕೇಟು ಕೊಟ್ಟು ಕಳಿಸಿಬಿಡ್ರಿ. ನಂದು ಆಮ್ಯಾಗ ನೋಡೋಣಂತ."

ಕಚೇರಿಗೆ ಕಚೇರಿಯೇ ನಕ್ಕಿತಂತೆ. ಮಾಮಾ ನಗಲಿಲ್ಲ. ಆತ ಯಾರ ಕಡೆ ಎಂದು ಕೊನೆಗೂ ತಿಳಿಯಲಿಲ್ಲವಲ್ಲ ಎಂಬ ಕೊರಗು ಅವರಿಗೆ!

ನನ್ನ ಮದುವೆಯ ದಿನ ಬೆಳಿಗ್ಗೆ ಇನ್ನೊಂದು ಕತೆ. ಕ್ಷೌರಕ್ಕೆ ಕೂತ ಮಾಮಾ, ಕುಣಿಯೋನು ಹೇಗೆ ತಲೆ ತಪ್ಪಿಸುತ್ತಾನೆ ಎಂದು ತೋರಿಸಲು ಹೋದರು. "ಸ್ವಾಮ್ಯಾರೇ, ಅಳ್ಳಾಡಬ್ಯಾಡ್ರೀ, ಕತ್ತಿ ಕೈಯಾಗ ಐತಿ!" ಎಂದು ಕ್ಷೌರದವನು ಕೂಗುವಷ್ಟರಲ್ಲಿ ತಲೆ ಒಂದು ಕಡೆ ಹೋಯಿತು, ಅರ್ಧ ಮೀಸೆ ಇನ್ನೊಂದು ಕಡೆ. ನನ್ನ ಮದುವೆಯ ಫೋಟೋಗಳಲ್ಲೆಲ್ಲ ಮಾಮಾ ಮೂಗು ಒರೆಸಿಕೊಳ್ಳುತ್ತಿದ್ದಾರೆ. ಹೆಣ್ಣಿನ ಕಡೆಯವರು ಪಾಪ, ಸೋದರಳಿಯನ ಮದುವೆ, ಕರುಳು ಕಿವುಚುತ್ತಿದೆ ಎಂದುಕೊಂಡರು.

ನಗಬೇಡಿ. ಇಷ್ಟು ಹೊತ್ತು ನಗಿಸಿದವನು ನಾನೇ, ಒಪ್ಪಿದೆ. ಆದರೆ ಈ ಹುಚ್ಚನ್ನು ಅವರಿಗೆ ಅಂಟಿಸಿದವರು ನಮ್ಮ ಮನೆಯವರೇ. ಅದನ್ನು ನೆನೆದರೆ ನನ್ನ ಬಾಯಿ ಕಹಿಯಾಗುತ್ತದೆ.

ಮಾಮಾ ಹರೆಯದಲ್ಲಿ ತಾವೇ ಬಾಕ್ಸರು! ಗುಂತಕಲ್ಲಿನ ರೈಲ್ವೆ ಫಿಟ್ಟರೊಬ್ಬ ಅವರಿಗೆ ಗುರು. ಗೋಪೀಚಂದನದ ನಾಮ, ಮುದ್ರೆ ಹಾಕಿಕೊಂಡು ಮಂತ್ರ ಕಲಿತ ಮನೆಯ ಹುಡುಗ ಚರ್ಮದ ಗ್ಲೌಸು ತೊಡುತ್ತಾನೆ ಎಂದರೆ ನಮ್ಮಜ್ಜಿ ಸುಮ್ಮನಿರುತ್ತಾಳೆಯೇ? ಒಂದು ಕಟ್ಟಳೆ ಮಾಡಿದಳು. ಗುದ್ದಾಡಿ ಬಂದರೆ ಮುಂಬಾಗಿಲಿನಿಂದ ಬರಕೂಡದು. ಹಿತ್ತಲಿನಿಂದ ಬಂದು, ಬಾವಿಯಲ್ಲಿ ಸೇದಿ ತಲೆಗೆ ಸುರಿದುಕೊಂಡು ಒಳಗೆ ಬರಬೇಕು.

ಆ ವರ್ಷ ದೀಪಾವಳಿಯ ಹೊತ್ತಿಗೆ ಆದೋನಿಯ ಮೈದಾನದಲ್ಲಿ ಮಾಮಾನ ಮೊಟ್ಟಮೊದಲ ಪಂದ್ಯ. ನಮ್ಮಪ್ಪ ಆಗಷ್ಟೇ ಅಮ್ಮನನ್ನು ಮದುವೆಯಾಗಿ, ಸಿರುಗುಪ್ಪದಿಂದ ಮೊದಲ ದೀಪಾವಳಿಗೆ ಬಂದ ಹೊಸ ಅಳಿಯ. ಆದೋನಿ ಆಂಧ್ರಕ್ಕೆ ಸೇರಿದ ಊರು, ಅವರಿಗೋ ತೆಲುಗಿನ ಗಂಧವಿಲ್ಲ. ಪಂದ್ಯ ನೋಡಲು ಹೋದವರು ನಡುವೆ ಚಹಾಕ್ಕೆಂದು ಹೊರಗೆ ಬಂದರು. ಗ್ಲಾಸು ತುಟಿಗಿಡುವಾಗ ಮೈಕಿನಲ್ಲಿ ಕೂಗು ಕೇಳಿತು: "ಮನ ಆದೋನಿ ಕುರ್ರಾಡು ಓಡಿಪೋಯಾಡು!"

ನಮ್ಮ ಆದೋನಿ ಹುಡುಗ ಸೋತ ಎಂದು ಅದರರ್ಥ. ತೆಲುಗಿನಲ್ಲಿ ಓಡುವುದೆಂದರೆ ಸೋಲುವುದು. ಆದರೆ ಅಪ್ಪನ ಕಿವಿ ಅಚ್ಚ ಕನ್ನಡದ ಕಿವಿ! ಚಹಾ ಅಲ್ಲೇ ಇಟ್ಟು ಜಟಕಾ ಹತ್ತಿ ಬಂದು ನಡುಮನೆಯಲ್ಲಿ ನಿಂತು ಸಾರಿದರು: "ನಿಮ್ಮ ಹುಡುಗ ಓಡಿ ಹೋಗ್ಯಾನ! ಮೈಕಿನಾಗ ಹೇಳಿದರು, 'ಓಡಿಪೋಯಾಡು' ಅಂತ. ಪೋಯಾಡು ಅಂದ್ರ ಹೋದ ಅನ್ನೋದು ನನಗೂ ತಿಳೀತದ!"

ಮನೆಯಲ್ಲಿ ಗೋಳೋ ಗೋಳು. ಅಜ್ಜ ಪೂಜೆ ಬಿಟ್ಟು ಸ್ಟೇಷನ್ನಿಗೆ ಹೋದರು. ಅಮ್ಮನ ಅಕ್ಕಂದಿರ ಗಂಡಂದಿರಲ್ಲಿ ಒಬ್ಬ ದೊಡ್ಡಪ್ಪ ಕೋಸಗಿ ಕಡೆಯ ರೈಲು ಹತ್ತಿದರು, ಇನ್ನೊಬ್ಬರು ಗುಂತಕಲ್ ಕಡೆಯದನ್ನು. ಅಜ್ಜಿ ರಾಯರಿಗೆ ಹರಕೆ ಹೊತ್ತಳು. ಅಪ್ಪ, ಹೊಸ ಅಳಿಯನ ಹುರುಪು ನೋಡಿ, ತಾವಾಗಿಯೇ ಹೋಗಿ ಸಿರುಗುಪ್ಪಕ್ಕೆ ತಂತಿ ಕೊಟ್ಟು ಬಂದರು. ಮಾಮಾನಿಗೆ ಗೊತ್ತುಮಾಡಿದ್ದ ಹೆಣ್ಣು ಅಪ್ಪನ ಕಡೆಯದೇ. ಹಬ್ಬ ಕಳೆದರೆ ನಿಶ್ಚಯ.

ಓಡಿಹೋದ ಹುಡುಗ ಅಷ್ಟು ಹೊತ್ತೂ ಎಲ್ಲಿದ್ದ? ಹಿತ್ತಲ ಬಾವಿಕಟ್ಟೆಯ ಮೇಲೆ! ಎಡಗಣ್ಣು ಬಾತುಕೊಂಡಿತ್ತು. ಒಬ್ಬನೇ ಕೂತು ತಲೆಯ ಮೇಲೆ ನೀರು ಸುರಿದುಕೊಳ್ಳುತ್ತಿದ್ದ, ಅಜ್ಜಿಯ ಕಟ್ಟಳೆಯಂತೆ.

ಇಲ್ಲಿಗೆ ಮುಗಿದಿದ್ದರೆ ಇದೊಂದು ನಗುವ ಕತೆ. ಆದರೆ ಅಪ್ಪ ತಪ್ಪಾಯಿತು ಅನ್ನಲಿಲ್ಲ. "ಓಡಿ ಹೋಗಿದ್ದ, ಹೆದರಿ ವಾಪಸ್ ಬಂದಾನ" ಅಂದರು. ಮನೆತುಂಬ ತೆಲುಗು ಬಲ್ಲವರು. ಗಾಬರಿ ಇಳಿದ ಮೇಲಾದರೂ ಎಲ್ಲರಿಗೂ ನಿಜ ಹೊಳೆದಿತ್ತು. ಮೊದಲ ದೀಪಾವಳಿಗೆ ಬಂದ ಅಳಿಯನಿಗೆ ನಿಮಗೆ ಭಾಷೆ ತಿಳಿಯಲಿಲ್ಲ ಅನ್ನುವುದು ಹೇಗೆ? ಒಬ್ಬರೂ ಅನ್ನಲಿಲ್ಲ. ಅಮ್ಮನೂ ಅನ್ನಲಿಲ್ಲ. ಮನೆ ಬಿಟ್ಟು ಓಡುವ ಹುಡುಗನಿಗೆ ಹೆಣ್ಣು ಕೊಡುವುದಿಲ್ಲ ಎಂದು ಸಿರುಗುಪ್ಪದಿಂದ ಕಾಗದ ಬಂತು. ಮಾಮಾ ಆಮೇಲೆ ಮದುವೆಯೇ ಆಗಲಿಲ್ಲ. ಗ್ಲೌಸೂ ತೊಡಲಿಲ್ಲ.

ಮುಂದೆ ಅಪ್ಪನಿಗೆ ಆದೋನಿಯ ಹತ್ತಿ ಮಿಲ್ಲಿನಲ್ಲೇ ಕೆಲಸವಾಯಿತು. ತೆಲುಗು ಅರಗಿಸಿಕೊಂಡರು, ತೆಲುಗಿನಲ್ಲೇ ಬೈಯುವಷ್ಟು. ಆ ಮಾತಿನ ಅರ್ಥ ತಿಳಿಯದೇ ಇದ್ದೀತೇ? ಆದರೂ ನಮ್ಮ ಜಗಲಿಯ ಮೇಲೆ ಸಂಜೆಗೊಮ್ಮೆ ಮಾಮಾ ಕುಣಿಯೋನ ಗುಣಗಾನಕ್ಕೆ ಶುರುವಿಟ್ಟರೆ, ಗುದ್ದೋನ ಕಡೆಯ ಅಪ್ಪ ಅಡಕೆ ಅಗಿಯುತ್ತ, "ಅವೆಂಥಾ ಚಾಂಪಿಯನ್ನೋ, ಬರೇ ಓಡ್ತಾನ" ಅನ್ನುತ್ತಿದ್ದರು.

"ಭಾವಾ, ಹಿಂದ ಸರಿಯೋದು ಬ್ಯಾರೆ, ಓಡೋದು ಬ್ಯಾರೆ."

"ನನ್ನ ಕಣ್ಣಿಗೆ ಎಲ್ಲಾ ಒಂದೇ."

ಹೀಗೆ ಸುಮಾರು ಐವತ್ತು ವರ್ಷ! ಅಪ್ಪ ಹೋಗಿ ವರ್ಷವಾಯಿತು. ಈ ಒಂದು ಮಾತಿಗಾಗಿ ಅವರನ್ನು ನಾನಿನ್ನೂ ಕ್ಷಮಿಸಿಲ್ಲ. ಈ ಕತೆಯೆಲ್ಲ ನನಗೆ ತಿಳಿದದ್ದು ಅಂದು ಕೋಸಗಿ ರೈಲು ಹತ್ತಿದ್ದ, ಈಗ ಮುದುಕರಾದ ದೊಡ್ಡಪ್ಪನಿಂದ, ಅಪ್ಪನ ವೈಕುಂಠ ಸಮಾರಾಧನೆಯ ದಿನ. ಊಟ ಸೇರಲಿಲ್ಲ ನನಗೆ.

ಹಾಗಾದರೆ ನಾನು ಬಹಳ ಒಳ್ಳೆಯವನೇ? ಕೇಳಿ. ಅಪ್ಪ ಹೋದ ಮೇಲೆ ಮಾಮಾನಿಗೆ ಎದುರಾಳಿ ಬೇಕಾಗಿ ಗುದ್ದೋನು ನನ್ನ ಪಾಲಿಗೆ ಬಂದ. ದಿನಾ ನಾಲ್ಕು ಗಂಟೆಗೆ ವಾದ ಶುರು. ಮೊನ್ನೆ ನನ್ನ ತಲೆ ಮೊದಲೇ ಕೆಟ್ಟಿತ್ತು. ಮೊಬೈಲಿನಲ್ಲಿ ಯಾರೋ ಕಂಪ್ಯೂಟರಿನಿಂದ ಈ ಇಬ್ಬರನ್ನೂ ಕಾದಾಡಿಸಿದ ವಿಡಿಯೋ ಸಿಕ್ಕಿತು. ಕುಣಿಯೋನು ಮಲಗಿದ್ದ! ಅದನ್ನು ಮಾಮಾನ ಮುಖಕ್ಕೆ ಹಿಡಿದು, "ನೋಡ್ರಿ, ಕಡೀಕೂ ನಿಮ್ಮವ ಓಡೇ ಹೋದ" ಅಂದೆ. ಎಲ್ಲ ತಿಳಿದೂ ಅಂದೆ. ದನಿಯೂ ಥೇಟು ಅಪ್ಪನದೇ.

ಮಾಮಾ ಮಂಡಕ್ಕಿ ಉಗ್ಗಾಣಿಯ ತಟ್ಟೆ ಕೆಳಗಿಟ್ಟು, ಎದ್ದು, ಚಪ್ಪಲಿಗೆ ಕಾಲು ಹುಡುಕತೊಡಗಿದರು. ನನಗೆ ನಾಚಿಕೆಯಾಯಿತು.

ಅಡುಗೆಮನೆಯಿಂದ ಅಮ್ಮ ಬಂದಳು. ಗೋಡೆ ಹಿಡಿದೇ ಬರಬೇಕು ಈಗ ಆಕೆ.

"ನಿಲ್ಲೋ" ಅಂದಳು. "ನೀ ಓಡಿ ಹೋಗಿರಲಿಲ್ಲ. ಸೋತಿದ್ದಿ. ಅವರು ಬಂದು ಹೇಳಿದಾಗಲೇ ನನಗ ತಿಳಿದಿತ್ತು. ಬಾಯಿ ಬಿಡಲಿಲ್ಲ ನಾ."

ಮಾಮಾ ಒಂದು ಚಪ್ಪಲಿಯಲ್ಲಿ ನಿಂತರು.

"ಸೋತಿದ್ದೆ ಅಲ್ಲಾ, ಅಕ್ಕಾ?"

"ಸೋತಿದ್ದಿ."

"ಮೂರೂ ರೌಂಡು ನಿಂತಿದ್ದೆ. ಕಡೀ ಗಂಟಿ ಹೊಡಿಯೋ ತನಕ ನಿಂತಿದ್ದೆ."

ಸೋತೆ ಎಂದು ಒಬ್ಬ ಮನುಷ್ಯ ಅಷ್ಟು ಹೆಮ್ಮೆಯಿಂದ ಹೇಳಿದ್ದನ್ನು ನಾನು ಕಂಡಿಲ್ಲ. ಅಮ್ಮ ಅವರನ್ನು ಮೆಲ್ಲಗೆ ಜಗಲಿಯ ಮೇಲೆ ಕೂರಿಸಿ, ಪಕ್ಕದಲ್ಲಿ ತಾನೂ ಕೂತಳು.

"ಭಾಳ ನೋವಾಗಿತ್ತೇನೋ?" ಎಂದು ಕೇಳಿದಳು.

"ಭಾಳ ಅಕ್ಕಾ" ಅಂದರು ಮಾಮಾ.